ಮೂರು ಇಂಚಿನ ಮಣೆ

ನಮ್ಮ ಅಡಿಗೆಮನೆಯನ್ನು ಹೊಸದು ಮಾಡಿಸಿದ್ದೇವೆ. ನೋಡಲು ಬಂದವರೆಲ್ಲ ಟೈಲ್ಸ್ ಮುಟ್ಟಿ ನೋಡುತ್ತಾರೆ, ಟ್ರಾಲಿ ಎಳೆದು ನೋಡುತ್ತಾರೆ, ಚಿಮಣಿಯ ಗುಂಡಿ ಒತ್ತಿ ಅದು ಗುರ್ ಎನ್ನುವುದನ್ನು ಕೇಳಿ ತಲೆದೂಗುತ್ತಾರೆ. ಕಟ್ಟೆಯ ಬುಡದಲ್ಲಿ ನೆಲದ ಮೇಲೆ ಒಂದು ಹಳೆಯ ಮಣೆ ಇರುವುದು ಮಾತ್ರ ಬಹಳ ಜನಕ್ಕೆ ಕಾಣುವುದಿಲ್ಲ. ಕಂಡವರು "ಇದನ್ಯಾಕ ಇಲ್ಲಿ ಇಟ್ಟೀರಿ, ಹೊಸಾ ಅಡಿಗಿಮನ್ಯಾಗ?" ಎಂದು ಕೇಳುತ್ತಾರೆ. ನಾನು ನಕ್ಕು ಮಾತು ಮರೆಸುತ್ತೇನೆ. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ, ಈ ಒಡೆಯುವುದು ಕಟ್ಟುವುದೆಲ್ಲ ಶುರುವಾದದ್ದೇ ಆ ಮಣೆಯಿಂದ.

ನಾನು ರೇಲ್ವೆಯವನು. ಲೋಂಡಾ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತೇ ಹೆಚ್ಚುಕಡಿಮೆ ಇಡೀ ಸರ್ವಿಸ್ ಕಳೆದೆ. ಗೋವಾಕ್ಕೆ ಹೋಗುವವರು, ಹುಬ್ಬಳ್ಳಿಗೆ ಹೋಗುವವರು, ಎಲ್ಲಿಗೆ ಹೋಗಬೇಕೆಂದು ಕಿಟಕಿಗೆ ಬಂದ ಮೇಲೆ ಯೋಚಿಸುವವರು, ಎಲ್ಲರನ್ನೂ ನೋಡಿದ್ದೇನೆ. ಆದರೆ ಎದೆಯಿಂದ ಮೇಲೆ ಮಾತ್ರ. ಕಿಟಕಿ ಇದ್ದದ್ದೇ ಅಷ್ಟು. ಅವರ ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ನೋಡುವ ರೀತಿ ನನ್ನ ಜೊತೆ ಬೆಳಗಾವಿ ಶಹಾಪುರದ ಮನೆಗೂ ಬಂದಿತ್ತೆಂದು ತಿಳಿದದ್ದು ನಿವೃತ್ತನಾದ ಮೇಲೆ.

ನನ್ನ ಹೆಂಡತಿ ಗಿರಿಜಾ ಖಾನಾಪುರದಲ್ಲಿ ಸಣ್ಣ ಮಕ್ಕಳ ಶಾಲೆಯ ಟೀಚರು. ಅವಳಿಗೆ ಇನ್ನೂ ನಾಲ್ಕು ವರ್ಷ ಸರ್ವಿಸ್ ಇದೆ. ಅವಳು ನಸುಕಿನಲ್ಲೆದ್ದು ಅಡಿಗೆ ಮಾಡಿ, ನನ್ನ ಪಾಲು ಮುಚ್ಚಿಟ್ಟು, ತನ್ನ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವುದನ್ನು ನಾನು ಪೇಪರ್ ಹಿಡಿದುಕೊಂಡು ಒಂದು ತಿಂಗಳು ನೋಡಿದೆ. ಎರಡನೇ ತಿಂಗಳಿಗೆ ನಾಚಿಕೆಯಾಯಿತು. "ನಾಳಿಂದ ಅಡಿಗಿ ನನ್ನ ಕಡೆ ಇರಲಿ" ಎಂದೆ. ಒಂದನೇ ಇಯತ್ತೆಗೆ ಹೊಸದಾಗಿ ಸೇರಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿ, "ಆತು. ಆದ್ರ ರೊಟ್ಟಿ ನಾ ಬಡೀತೇನಿ, ಪಲ್ಯಾ ಬ್ಯಾಳಿ ನೀವು ಮಾಡ್ರಿ" ಎಂದಳು. ಅವಳ ದನಿಯಲ್ಲಿ ಅಷ್ಟೇನೂ ಭರವಸೆ ಇರಲಿಲ್ಲ.

ಮೊದಲ ವಾರದ ಬೇಳೆಯನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಅವಳ ಶಾಲೆಯ ಸಹೋದ್ಯೋಗಿಗಳು ಅದನ್ನು ಹಂಚಿಕೊಂಡು ತಿಂದು, ಮರುದಿನದಿಂದ ಅವಳಿಗೂ ತಮ್ಮ ಡಬ್ಬಿಯಿಂದಲೇ ಬಡಿಸತೊಡಗಿದರಂತೆ. ಆದರೆ ಮೂರು ತಿಂಗಳಲ್ಲಿ ನನಗೆ ಕೈ ಕುದುರಿತು. ಕೈ ಕುದುರಿದ ಕೂಡಲೇ ಅಭಿಪ್ರಾಯಗಳೂ ಹುಟ್ಟಿದವು. ಮಸಾಲೆ ಡಬ್ಬಿ ಎಡಗಡೆ ಯಾಕೆ, ಪಾತ್ರೆ ತೊಳೆಯುವ ಜಾಗ ಅಷ್ಟು ಮೂಲೆಯಲ್ಲಿ ಯಾಕೆ, ಇಲ್ಲಿ ದೀಪ ಯಾಕಿಲ್ಲ ಎಂದು ದಿನವೂ ಶುರುಮಾಡಿದೆ. ಗಿರಿಜಾ ಒಂದು ದಿನ, "ಇಷ್ಟ ವರ್ಷ ನಾ ಕತ್ತಲದಾಗ ಮಾಡಿದ್ನೆಲ್ಲ, ಆವಾಗ ನಿಮಗ ದೀಪದ ಸುದ್ದಿ ನೆನಪಾಗಲಿಲ್ಲ?" ಎಂದಳು. ನಾನು ಹಾಲು ಉಕ್ಕುತ್ತಿದೆಯೆಂದು ನೆಪ ಹೇಳಿ ಆ ಕಡೆ ತಿರುಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ, ಸಾರಿನ ಬೋಗುಣಿ ಒಲೆಯಿಂದ ಇಳಿಸಿಕೊಂಡು ಪಕ್ಕಕ್ಕೆ ಸರಿದವನು ಏನನ್ನೋ ಎಡವಿ ಧೊಪ್ಪನೆ ಕೂತೆ. ಸಾರು ಗೋಡೆಗೆ ಹೋಯಿತು, ಪುಣ್ಯಕ್ಕೆ ಮೈಮೇಲೆ ಬರಲಿಲ್ಲ. ನೋಡಿದರೆ ಕಟ್ಟೆಯ ಬುಡದಲ್ಲಿ ಹಿಟ್ಟು ಎಣ್ಣೆ ಮೆತ್ತಿ ಕಪ್ಪಗಾದ ಒಂದು ಮಣೆ. ಮೂರು ಇಂಚು ಎತ್ತರ, ಒಂದೇ ಹಲಗೆಯದು, ಭಾರೀ ತೂಕ. ಗಿರಿಜಾ ಓಡಿ ಬಂದಳು. ನನಗೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಗೋಡೆ ಒರೆಸತೊಡಗಿದಳು.

"ಇದ್ಯಾಕ ಇಲ್ಲಿ ಐತಿ?" ಎಂದೆ.

"ನಿಂದ್ರಾಕ."

"ಯಾರು ನಿಂದ್ರಾಕ?"

"ನಾನ. ಕಟ್ಟಿ ಎತ್ತರ ಐತೆಲ್ಲ. ರೊಟ್ಟಿ ಬಡಿಯಾಕ ಮೊಣಕೈ ಕಟ್ಟೀಗಿಂತ ಮ್ಯಾಲೆ ಇರಬೇಕು. ಇಲ್ಲಂದ್ರ ರೊಟ್ಟಿ ತಿರಗೂದಿಲ್ಲ, ಹರೀತಾವ."

"ಯಾವಾಗಿಂದ ನಿಂದರ್ತಿ ಇದರ ಮ್ಯಾಲೆ?"

"ಮದಿವ್ಯಾಗಿ ಬಂದಾಗಿಂದ," ಎಂದು ಬಟ್ಟೆ ಹಿಂಡಿ, "ಸರೀರಿ, ಬಸ್ ಹೋಗ್ತೈತಿ" ಎಂದಳು.

ನಮ್ಮ ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂತು. ನಾನು ನಿಮ್ಮ ಹತ್ತಿರ ಒಂದು ವಿಷಯ ಒಪ್ಪಿಕೊಳ್ಳಬೇಕು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಹೊರಗಿಗಿಂತ ಸ್ವಲ್ಪ ಎತ್ತರವಾಗಿ ಕಾಣುತ್ತಾಳೆಂದು ನನಗೆ ಮೊದಲಿನಿಂದಲೂ ಅನಿಸುತ್ತಿತ್ತು. ಚಹಾ ಕೇಳಲು ಹೊಸ್ತಿಲ ಬಳಿ ಹೋಗಿ ನಿಂತಾಗ ಅವಳ ತಲೆ ನನ್ನ ಗಲ್ಲದವರೆಗೆ ಬರುತ್ತಿತ್ತು, ಬಸ್‌ಸ್ಟಾಂಡಿನಲ್ಲಿ ಭುಜದವರೆಗೆ ಮಾತ್ರ. ತನ್ನ ರಾಜ್ಯದಲ್ಲಿ ಮನುಷ್ಯರು ಹಾಗೆ ಕಾಣುತ್ತಾರೆ, ಅದು ಅಧಿಕಾರದ ಗತ್ತು ಎಂದು ನಾನು ತಿಳಿದಿದ್ದೆ. ಲೋಂಡಾದ ಗೆಳೆಯರಿಗೆ ಇದನ್ನು ಒಂದು ತತ್ವದಂತೆ ಹೇಳಿಯೂ ಇದ್ದೆ. ಗತ್ತಲ್ಲ, ಮಣೆ. ಸೀರೆಯ ನೆರಿಗೆ ಅದನ್ನು ಮುಚ್ಚುತ್ತಿತ್ತು, ನಾನು ಎಂದಿನಂತೆ ಎದೆಯಿಂದ ಮೇಲೆ ನೋಡುತ್ತಿದ್ದೆ.

ಆ ಕಟ್ಟೆ ನಮ್ಮ ಅವ್ವನ ಅಳತೆಯದು. ಅವ್ವ ನಮ್ಮ ಮನೆತನದಲ್ಲೇ ಎತ್ತರದ ಹೆಂಗಸು. ಅವಳ ಮದುವೆಯ ಫೋಟೋದಲ್ಲಿ ಅಪ್ಪ ನಿಂತಿದ್ದಾನೆ, ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿದ್ದಾರೆ. ಯಾಕೆಂದು ಅಪ್ಪ ಸಾಯುವವರೆಗೂ ಹೇಳಲಿಲ್ಲ. ಮನೆ ಕಟ್ಟಿಸುವಾಗ, ಈಗ ನಮ್ಮ ಗಾರೆಕೆಲಸಕ್ಕೆ ಬರುವ ಗೌಂಡಿ ದಸ್ತಗೀರನ ತಂದೆ ಅವ್ವನನ್ನು ಕರೆದು, ರೊಟ್ಟಿ ಬಡಿಯುವಂತೆ ಗಾಳಿಯಲ್ಲಿ ಕೈ ಆಡಿಸಲು ಹೇಳಿ, ಮೊಣಕೈಯ ಕೆಳಗೆ ನಾಲ್ಕು ಬೆರಳು ಬಿಟ್ಟು ಗೋಡೆಗೆ ಗೀರೆಳೆದಿದ್ದನಂತೆ. ಆ ಮನೆತನದ ಗೌಂಡಿಗಳು ಕಟ್ಟೆ ಕಟ್ಟುವ ರೀತಿಯೇ ಅದು. ಇಂಚುಪಟ್ಟಿ ಆಮೇಲೆ, ಮೊದಲು ಮನೆಯ ಹೆಂಗಸಿನ ಮೊಣಕೈ. ಅವ್ವನ ಎತ್ತರ ನನಗೆ ಬಂದಿದೆ. ಅಡಿಗೆಮನೆಗೆ ಇಳಿದ ಮೊದಲ ದಿನವೇ ಕಟ್ಟೆ ನನಗೆ ಹೇಳಿ ಮಾಡಿಸಿದಂತೆ ಇದ್ದದ್ದು ಅದಕ್ಕೇ. ಅದನ್ನು ನಾನು ನನ್ನ ಕೈಗುಣ ಎಂದುಕೊಂಡಿದ್ದೆ.

ಮಣೆಯ ಮಾತು ಬಂದದ್ದಕ್ಕೆ ಇನ್ನೊಂದು ನೆನಪಾಗುತ್ತದೆ. ಆಗ ನಮ್ಮಲ್ಲಿ ಊಟಕ್ಕೆ ಮೇಜಿರಲಿಲ್ಲ. ಎಲ್ಲರಿಗೂ ಒಂದೊಂದು ಮಣೆ, ಒಬ್ಬರದರ ಮೇಲೆ ಇನ್ನೊಬ್ಬರು ಕೂರುವ ಹಾಗಿಲ್ಲ. ಅಪ್ಪನದು, ನನ್ನದು ತೆಳ್ಳನೆಯ ಹಲಗೆಯವು, ಕೂತರೆ ಅಲುಗಾಡುತ್ತಿದ್ದವು. ಅವ್ವನದು ಮಾತ್ರ ತವರಿನಿಂದ ಬಂದ ಸಾಗವಾನಿ ಮಣೆ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ಹೂ. ಚಿಕ್ಕವನಿದ್ದಾಗ ಅವಳು ಊಟ ಮಾಡುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಆ ಹೂವುಗಳ ಎಸಳು ಎಣಿಸುತ್ತಿದ್ದೆ. ಒಂದಕ್ಕೆ ಏಳೇ ಎಸಳು, ಉಳಿದವಕ್ಕೆ ಎಂಟು. ನನಗೆ ಮದುವೆಯಾದ ಹೊಸದರಲ್ಲಿ ಅವ್ವ ಇದ್ದಕ್ಕಿದ್ದಂತೆ ಮಣೆ ಬಿಟ್ಟು ಬರಿಯ ನೆಲದ ಮೇಲೆ ಊಟಕ್ಕೆ ಕೂರತೊಡಗಿದಳು. ಕೇಳಿದರೆ "ಹಿಂಗ ಒಂದು ನೇಮಾ ಹಿಡದೇನಿ" ಎಂದಳು. ಮಣೆ ಯಾವುದೋ ಮಠಕ್ಕೆ ಕೊಟ್ಟಿರಬೇಕೆಂದು ನಾನು ಊಹಿಸಿದೆ. ಸಾಯುವವರೆಗೆ, ಹನ್ನೊಂದು ವರ್ಷ, ಅವಳು ನೆಲದ ಮೇಲೆಯೇ ಉಂಡಳು. ನಮ್ಮ ಅವ್ವನ ವೈರಾಗ್ಯ ನೋಡಿರಿ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಸಾರು ಚೆಲ್ಲಿದ ದಿನ ಮಧ್ಯಾಹ್ನ ನಾನು ಒಬ್ಬನೇ ಊಟಕ್ಕೆ ಕೂತು ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇಷ್ಟು ವರ್ಷ ತಿಂದ ಒಂದೊಂದು ರೊಟ್ಟಿಯೂ ಅವಳು ಆ ಮಣೆ ಹತ್ತಿ ಬಡಿದದ್ದು. ಅದೇ ಸಂಜೆ ಅವಳಿಗೆ ಹೇಳಿದೆ, "ಅಡಿಗಿಮನಿ ಒಡದು ಹೊಸಾದು ಮಾಡೂಣು. ಟೈಲ್ಸು ಬಣ್ಣಾ ಏನರ ಆಗಲಿ, ಕಟ್ಟಿ ಮಾತ್ರ ನಿನ್ನ ಅಳತೀದು ಆಗಬೇಕು." ಅವಳು ಬೇಡವೆಂದಳು. ನೀವೂ ಅಡಿಗೆ ಮಾಡುತ್ತೀರಿ, ನಿಮ್ಮ ಬೆನ್ನು ಬಗ್ಗುತ್ತದೆ ಎಂದಳು. ಬಗ್ಗಲಿ ಎಂದೆ. ಅವಳದೇ ಅಳತೆಯ ಒಂದು ಜಾಗವಾದರೂ ಆ ಮನೆಯಲ್ಲಿ ಅವಳಿಗೆ ಕೊಡಬೇಕೆಂಬ ಹಟ ನನಗೆ ಹಿಡಿದಿತ್ತು.

ಅಡಿಗೆಮನೆ ಹೊಸದು ಮಾಡಿಸುತ್ತೇವೆಂದು ಒಂದು ಮಾತು ಹೊರಗೆ ಬಿದ್ದರೆ ಸಾಕು, ಊರೆಲ್ಲ ಸಲಹೆ ಕೊಡುತ್ತದೆ. ಕಪ್ಪು ಗ್ರಾನೈಟ್ ಹಾಕಿಸಿರಿ, ಕಲೆ ಕಾಣುವುದಿಲ್ಲ ಎಂದು ಒಬ್ಬರು. ಕಪ್ಪು ಬೇಡ, ಇರುವೆ ಹರಿದರೆ ಕಾಣುವುದಿಲ್ಲ ಎಂದು ಇನ್ನೊಬ್ಬರು. ಖಾನಾಪುರ ರಸ್ತೆಯ ಒಂದು ಅಂಗಡಿಯಲ್ಲಿ ಟ್ರಾಲಿಯವನು ಕಂಪ್ಯೂಟರಿನಲ್ಲಿ ನಮ್ಮ ಅಡಿಗೆಮನೆಯ ಚಿತ್ರ ಬರೆದು ತೋರಿಸಿದ. ಬಹಳ ಚೆಂದವಿತ್ತು. ಕಟ್ಟೆಯ ಮೇಲೆ ಒಂದು ಬುಟ್ಟಿಯಲ್ಲಿ ಹಸಿರು ಸೇಬು, ಮೇಲೆ ತಲೆಕೆಳಗಾಗಿ ತೂಗುವ ಗಾಜಿನ ಲೋಟಗಳು. ಗಿರಿಜಾ ಬಹಳ ಹೊತ್ತು ನೋಡಿ, "ಜ್ವಾಳದ ಹಿಟ್ಟಿನ ಡಬ್ಬಿ ಎಲ್ಲಿ ಇಡೂದ್ರಿ?" ಎಂದು ಕೇಳಿದಳು. ಅವನು ಅತ್ತಿತ್ತ ಒತ್ತಿ ನೋಡಿದ. ಅವನ ಕಂಪ್ಯೂಟರಿನಲ್ಲಿ ಅಂಥ ಡಬ್ಬಿ ಇರಲಿಲ್ಲ. ಕೊನೆಗೆ ರವಿವಾರ ಪೇಟೆಯಿಂದ ತಂದಿದ್ದ ನಮ್ಮ ಹಳೆಯ ಪತ್ರಾಸ್ ತಗಡಿನ ಡಬ್ಬಿಯನ್ನೇ ರಿಕ್ಷಾದಲ್ಲಿ ಅವನ ಅಂಗಡಿಗೆ ಒಯ್ದು, ಅದರ ಅಳತೆಗೆ ಒಂದು ಟ್ರಾಲಿ ಮಾಡಿಸಿದೆವು. ರೊಟ್ಟಿ ಬುಟ್ಟಿಗೆ ಕಿಟಕಿಯ ಪಕ್ಕ ಗಾಳಿ ಆಡುವ ಜಾಗ, ದೇವರ ಜಗಲಿ ಇದ್ದಲ್ಲೇ ಇರಬೇಕು, ಬಣ್ಣ ಎಣ್ಣೆಯ ಕೈಗೆ ಹೆದರದಂಥದು. ಹೀಗೆ ಒಂದೊಂದೇ ಇತ್ಯರ್ಥವಾದವು. ಟೈಲ್ಸಿನ ಮೇಲೆ ಹಣ್ಣಿನ ಚಿತ್ರ ಇರಬೇಕೋ ಬೇಡವೋ ಎಂಬುದಕ್ಕೆ ಮಾತ್ರ ನಾವು ಎರಡು ದಿನ ಮಾತು ಬಿಟ್ಟಿದ್ದೆವು.

ಕೆಲಸಕ್ಕೆ ದಸ್ತಗೀರನೇ ಬಂದ. ಅವನ ತಂದೆ ಈಗಿಲ್ಲ. ಹಳೆಯ ಕಟ್ಟೆ ಒಡೆಯುವ ಮೊದಲು ಅದರ ಅಂಚಿನ ಮೇಲೆ ಕೈಯಾಡಿಸಿದ. "ಅಬ್ಬಾನ ಕೆಲಸಾ, ಒಡಿಯಾಕ ಮನಸ್ಸ ಬರವಲ್ದು ಅಣ್ಣಾರ" ಎಂದ. ಆಮೇಲೆ ಒಡೆದ. ಕಟ್ಟೆ ಹೋಗಿ, ಗೋಡೆಯ ಪ್ಲಾಸ್ಟರ್ ಕೂಡ ಕಿತ್ತು, ಕೋಣೆಯ ತುಂಬ ಧೂಳು ಕವಿಯಿತು. ಸಂಜೆ ಗಿರಿಜಾ ಹೆಗಲಿಗೆ ಬ್ಯಾಗು, ಕೈಯಲ್ಲಿ ಖಾನಾಪುರದ ಸಂತೆಯ ಸೊಪ್ಪು ಹಿಡಿದುಕೊಂಡು ಬಂದಳು. ದಸ್ತಗೀರ ಅವಳಿಗಾಗಿಯೇ ಕಾಯುತ್ತಿದ್ದ.

"ವೈನಿ, ನಿಮ್ಮ ಅಳತಿ ಒಂದು ತಗೊಂಡ್ರ ನಾ ಮನೀಗಿ ಹೋಗ್ತೇನಿ. ರೊಟ್ಟಿ ಬಡಿಯೂವಂಗ ನಿಂದರ್ರಿ."

ಅವಳು ಬ್ಯಾಗು ನನ್ನ ಕೈಗೆ ಕೊಟ್ಟು, ಧೂಳಿನಲ್ಲೇ ನಡೆದು ತನ್ನ ಎಂದಿನ ಜಾಗಕ್ಕೆ ಹೋಗಿ ನಿಂತಳು. ಕಣ್ಣಲ್ಲಿ ದಣಿವಿತ್ತು. ಗಾಳಿಯಲ್ಲಿ ರೊಟ್ಟಿ ಬಡಿದಳು. ದಸ್ತಗೀರ ಮೊಣಕೈ ನೋಡಿ, ನಾಲ್ಕು ಬೆರಳು ಬಿಟ್ಟು, ಕೆಂಪು ಪೆನ್ಸಿಲಿನಿಂದ ಗೋಡೆಗೆ ಗೀರೆಳೆದ. "ಬರೋಬ್ಬರಿ" ಎಂದ. ನಾನೂ ಗೀರು ನೋಡಿ ಬರೋಬ್ಬರಿ ಎಂದೆ. ನನಗೆ ಬಹಳ ದಿನದ ಒಂದು ತಪ್ಪು ತಿದ್ದಿದ ಸಮಾಧಾನವಾಯಿತು.

ಮರುದಿನ ಕಸ ಎತ್ತುವಾಗ ಅದೇ ಜಾಗದಲ್ಲಿ ಧೂಳಿನಡಿ ಮಣೆ ಸಿಕ್ಕಿತು. ಅದರ ನಾಲ್ಕು ಮೂಲೆಗೆ ನಾಲ್ಕು ಸಣ್ಣ ತೂತು. ಹುಳ ಹಿಡಿದಿದೆ ಎಂದುಕೊಂಡೆ. ಇನ್ನು ಇದರ ಕೆಲಸ ಮುಗಿಯಿತಲ್ಲ ಎಂದು ಹಿತ್ತಲಿಗೆ ಒಯ್ದು, ನೀರು ಕಾಸುವ ಬಂಬಿನ ಕಟ್ಟಿಗೆ ರಾಶಿಯ ಮೇಲೆ ಎಸೆದೆ. ಎಸೆಯುವಾಗ ಒಂದು ರೀತಿಯ ಸಂತೋಷವೂ ಆಗಿತ್ತು.

ಮಳೆ ಹಿಡಿಯುವ ಹೊತ್ತಿಗೆ ಕೆಲಸ ಮುಗಿಯಿತು. ಕಡೆಗೆ ಗಿರಿಜಾಳ ಮಾತಿನಂತೆ ಕಪ್ಪು ಗ್ರಾನೈಟ್, ಹಣ್ಣಿಲ್ಲದ ಟೈಲ್ಸ್. ಒಂದು ರವಿವಾರ ಬೆಳಿಗ್ಗೆ ದೇವರಿಗೆ ಕಾಯಿ ಒಡೆದು, ದಸ್ತಗೀರನನ್ನೂ ಊಟಕ್ಕೆ ಕರೆದು, ಮೊದಲ ರೊಟ್ಟಿ ಬಡಿಯಲು ಅವಳನ್ನು ಒಳಗೆ ಕರೆದೆ. ಅವಳು ಹಿಟ್ಟು ನಾದಿದಳು. ಉಂಡೆಯನ್ನು ಕಲ್ಲಿನ ಮೇಲಿಟ್ಟು ಎರಡು ಪೆಟ್ಟು ಹಾಕಿದಳು. ಆಮೇಲೆ ಕೈ ನಿಲ್ಲಿಸಿದಳು. ಅವಳ ಮೊಣಕೈ ಕಟ್ಟೆಗಿಂತ ಮೇಲೆ ಬರುತ್ತಿರಲಿಲ್ಲ.

ನಾವು ಮೂವರೂ ಕಟ್ಟೆ ನೋಡಿದೆವು. ದಸ್ತಗೀರ ಇಂಚುಪಟ್ಟಿ ತೆಗೆದು ಎರಡು ಸಲ ಅಳೆದ. "ಗೀರ್ ಎಲ್ಲಿ ಇತ್ತೋ ಅಲ್ಲೇ ಕಟ್ಟೇನಿ ಅಣ್ಣಾರ. ಒಂದು ಸೂತ ಹೆಚ್ಚುಕಮ್ಮಿ ಇಲ್ಲ. ಅಬ್ಬಾನ ಕಟ್ಟೀನೂ ಇಷ್ಟ ಇತ್ತು" ಎಂದ. ಗಿರಿಜಾ ಕೆಳಗೆ ತನ್ನ ಕಾಲು ನೋಡಿಕೊಂಡಳು. ನಾಲಿಗೆ ಕಚ್ಚಿಕೊಂಡಳು.

"ಭಾಯಿ, ತಪ್ಪು ನಿಮ್ದಲ್ಲ. ಆ ದಿನಾ ನಾ ಮಣಿ ಮ್ಯಾಲೆ ಹತ್ತಿ ನಿಂತಿದ್ದೆ ಅನಸ್ತೈತಿ. ಕಾಲಿಗಿ ರೂಢಿ ಆಗೇತಿ ನೋಡ್ರಿ, ನನಗ ಗೊತ್ತ ಆಗಲಿಲ್ಲ."

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ದಸ್ತಗೀರನಿಗೆ ಬರಲಿಲ್ಲ. ಕಲ್ಲು ಎತ್ತಿಸಿ ಮೂರು ಇಂಚು ಇಳಿಸಿ ಕೊಡುತ್ತೇನೆ, ಕೂಲಿ ಬೇಡ ಎಂದ. ನನಗಂತೂ ಅಳು ಬರುವುದೊಂದು ಬಾಕಿ. ಅಂದು ನಾನೂ ಅಲ್ಲೇ ನಿಂತಿದ್ದೆ. ಮಣೆಯ ಸಲುವಾಗಿಯೇ ಮನೆ ಒಡೆಸಿದವನು, ಅವಳು ಆ ಮಣೆ ಹತ್ತಿದ್ದನ್ನು ನೋಡದೆ ಗೋಡೆಯ ಗೀರು ನೋಡುತ್ತಿದ್ದೆ. "ಇವತ್ತ ಒಡೀರಿ ದಸ್ತಗೀರ" ಎಂದೆ.

"ಬ್ಯಾಡ," ಎಂದಳು ಗಿರಿಜಾ. "ಅತ್ತಿ ಅಳತಿ ತಾನಾಗೆ ತಿರಗಿ ಬಂದೈತಿ. ಇರಲಿ. ನಿಮಗೂ ಇದ ಬರೋಬ್ಬರಿ ಆಕ್ಕೈತಿ."

"ಮತ್ತ ನಿನಗ? ಮಣಿ ನಾ ಕಟಗಿ ರಾಶಿ ಮ್ಯಾಲೆ ಒಗದೆ. ಇಷ್ಟೊತ್ತಿಗಿ ಬಂಬಿನಾಗ ಸುಟ್ಟ ಹೋಗಿರಬೇಕು."

ಅವಳು ಕೈಯ ಹಿಟ್ಟು ಉದುರಿಸಿ ಮಲಗುವ ಕೋಣೆಗೆ ಹೋದಳು. ಮಂಚದ ಕೆಳಗಿನಿಂದ ಹಳೆಯ ಟಾವೆಲಿನಲ್ಲಿ ಸುತ್ತಿದ ಗಂಟು ಎಳೆದು ತಂದು ಬಿಚ್ಚಿದಳು. ಮಣೆ. ತೊಳೆದು, ಎಣ್ಣೆ ಹಚ್ಚಿ ಇಟ್ಟಿದ್ದಳು. ಕಪ್ಪು ಹೋಗಿ ಸಾಗವಾನಿಯ ಬಣ್ಣ ಕಾಣುತ್ತಿತ್ತು.

"ನೀವು ಒಗದ ದಿನಾನ ತಂದ ಇಟ್ಟೆ," ಎಂದು ಅದನ್ನು ಕಟ್ಟೆಯ ಬುಡದಲ್ಲಿಟ್ಟು ಹತ್ತಿ ನಿಂತಳು. "ಇದು ಯಾರ ಮಣಿ ಗೊತ್ತೈತಿ?"

ನನಗೆ ಗೊತ್ತಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು. ಅಕ್ಕಿ ಬೆಳೆಯುವ ಜಾಂಬೋಟಿ ಕಡೆಯ ಹುಡುಗಿ ಅವಳು. ತವರಿನಲ್ಲಿ ಒಲೆಯ ಮುಂದೆ ನೆಲಕ್ಕೆ ಕೂತು ಅಕ್ಕಿ ಭಾಕರಿ ಬಡಿದವಳು. ಜೋಳದ ಹಿಟ್ಟೂ ಹೊಸದು, ನಿಂತು ಬಡಿಯುವುದೂ ಹೊಸದು. ಬಂದ ಮೊದಲ ವಾರ ಒಂದು ರೊಟ್ಟಿಯೂ ಇಡಿಯಾಗಿ ಏಳಲಿಲ್ಲ. ಹರಿದ ರೊಟ್ಟಿ ನೋಡಿ ನಾನು ಊಟದಲ್ಲಿ ಏನೋ ಚೇಷ್ಟೆ ಮಾಡಿದ್ದೆನಂತೆ, ಅದು ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ. ಒಳಗೆ ಹೋಗಿ ಅತ್ತಳಂತೆ. ಆಗ ಅವ್ವ ಬಂದು ಅವಳ ಕೈ ಹಿಡಿದು ನೋಡಿ, "ನಿನ್ನ ಕೈ ತಪ್ಪಲ್ಲವಾ, ಕಟ್ಟಿ ತಪ್ಪೈತಿ. ಅದನ್ನ ನನ್ನ ಅಳತೀಗಿ ಕಟ್ಯಾರ" ಎಂದಳಂತೆ. ತನ್ನ ಊಟದ ಮಣೆ ತಂದು, ಸೊಸೆಯ ಕಾಲಿಗೆ ಚುಚ್ಚಬಾರದೆಂದು ಇಕ್ಕಳದಿಂದ ಹಿತ್ತಾಳೆಯ ಹೂ ನಾಲ್ಕೂ ಕಿತ್ತು, ಕಟ್ಟೆಯ ಬುಡದಲ್ಲಿಟ್ಟಳಂತೆ.

"ನಿಮಗ ಬ್ಯಾರೆ ಮಣಿ ತರಸ್ರಿ ಅತ್ತಿ ಅಂದೆ ನಾ. ಬ್ಯಾಡ ಅಂದ್ರು. ಹೊಸಾದು ತಂದ್ರ ಹಳೇದು ಎಲ್ಲಿ ಹೋತು ಅಂತ ಎಲ್ಲಾರೂ ಕೇಳ್ತಾರ, ಸೊಸಿಗಿ ಕಟ್ಟಿ ನಿಲುಕೂದಿಲ್ಲ ಅಂತ ಮಂದಿ ಆಡ್ಕೋತಾರ, ನಾ ನೇಮಾ ಹಿಡದೇನಿ ಅಂತ ಹೇಳ್ತೇನಿ, ನೀ ಸುಮ್ಕಿರು ಅಂದ್ರು. ಅವಗೂ ಹೇಳಬ್ಯಾಡ, ಅವ ಊರತುಂಬ ಹೇಳ್ತಾನ ಅಂದ್ರು."

ಅವ್ವನಿಗೆ ಮಗ ಎಂಥವನೆಂದು ಚೆನ್ನಾಗಿ ತಿಳಿದಿತ್ತು. ಊರತುಂಬ ಅವಳ ವೈರಾಗ್ಯದ ಸುದ್ದಿ ಹೇಳಿಕೊಂಡು ತಿರುಗಿದವನು ನಾನೇ ಅಲ್ಲವೇ.

"ಹೂ ಎಲ್ಲಿ ಅದಾವ?" ಎಂದು ಕೇಳಿದೆ.

"ದೇವರ ಜಗಲೀಗಿ ಬಡದಾರ. ದಿನಾ ಕೈ ಮುಗೀತೀರಿ."

ಹೋಗಿ ನೋಡಿದೆ. ಜಗಲಿಯ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ಹೂ, ವಿಭೂತಿ ಮೆತ್ತಿ ಮಸುಕಾಗಿದ್ದವು. ಒಂದನ್ನು ಬೆರಳಿನಿಂದ ಒರೆಸಿ ಎಸಳು ಎಣಿಸಿದೆ. ಏಳು ಇದ್ದವು.

ದಸ್ತಗೀರ ಇಂಚುಪಟ್ಟಿ ಸುತ್ತಿ ಜೇಬಿಗೆ ಹಾಕಿಕೊಂಡು ಪಡಸಾಲೆಯ ಮೇಜಿನ ಬಳಿ ಹೋಗಿ ಕೂತ. ನಾನು ಹೋಗಲಿಲ್ಲ. ಜಗಲಿಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ, ಅವ್ವ ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ ಕೆಳಗೆ ಕೂತೆ. ಹೊರಗೆ ಮಳೆ ಜೋರಾಗಿತ್ತು. ನೆಲ ತಣ್ಣಗಿತ್ತು. ಬೆಳಗಾವಿಯ ಮಳೆಗಾಲದಲ್ಲಿ ನೆಲ ಎಷ್ಟು ಥಂಡಿ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಅಂಥ ಹನ್ನೊಂದು ಮಳೆಗಾಲ ಅಲ್ಲಿ ಕೂತಿದ್ದಳು.

ಕೆಳಗಿನಿಂದ ನೋಡಿದರೆ ಗಿರಿಜಾಳ ಸೀರೆಯ ಅಂಚು, ಅದರ ಕೆಳಗೆ ಎರಡು ಪಾದ, ಅವುಗಳ ಕೆಳಗೆ ಮಣೆ, ಎಲ್ಲವೂ ಸರಿಯಾಗಿ ಕಾಣುತ್ತಿದ್ದವು. ರೊಟ್ಟಿ ತಿರುಗುತ್ತಿತ್ತು. ಅವಳು ನನ್ನನ್ನು ನೋಡಿ, "ಏಳ್ರಿ ಮ್ಯಾಲೆ, ನೆಲಾ ಥಂಡಿ ಐತಿ" ಎಂದಳು.

"ಇರಲಿ," ಎಂದೆ. "ಮೊದಲನೇ ರೊಟ್ಟಿ ಇಲ್ಲೇ ಹಾಕು."